‘ಅಟ್ರೋಫಿ’: ಕುಗ್ಗುವುದೋ, ಸವೆಯುವುದೋ, ಸೊರಗುವುದೋ?

ಮಾನ್ಯರೇ,

ಹಲವು ವರ್ಷಗಳ ಅತಿಯಾದ ಕುಡಿತ ಮೆದುಳಿನ ರಚನೆಯನ್ನು ಹೇಗೆ ಬದಲಿಸುತ್ತದೆಂಬುದನ್ನು ಮುಂಬಯಿಯ ಕನ್ನಡ ಕುಟುಂಬಗಳಿಗೆ ತಿಳಿಸಲು ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದು, ‘ಅಟ್ರೋಫಿ’, ಅಂದರೆ ಅಂಗವೊಂದರ ಗಾತ್ರ ಇಳಿಯುವುದು, ಎಂಬ ಪದಕ್ಕೆ ತಕ್ಕ ಕನ್ನಡ ಸಿಗದೆ ನಿಂತಿದ್ದೇನೆ. ‘ಕ್ಷಯ’ ಎಂದರೆ ಓದುಗರಿಗೆ ಎದೆಯ ಕಾಯಿಲೆಯೇ ನೆನಪಾಗುತ್ತದೆ. ‘ಕುಗ್ಗು’ ಹತ್ತಿರದ್ದೇ, ಆದರೆ ಮನಸ್ಸು ಕುಗ್ಗಿತೆಂಬ ಬಳಕೆ ಎಷ್ಟು ಬೇರೂರಿದೆಯೆಂದರೆ, ಮೆದುಳು ಕುಗ್ಗಿದೆ ಎಂದೊಡನೆ ಕೇಳುವವರ ಗಮನ ಖಿನ್ನತೆಯ ಕಡೆಗೆ ಹೊರಳುತ್ತದೆ. ಇಲ್ಲಿನ ಮರಾಠಿಯ ‘ಆಕಸಣೇ’ಯನ್ನು (ಮುದುಡುವುದು) ‘ಆಕುಂಚನ’ ಎಂದು ತಂದರೆ ಅದು ಸ್ನಾಯುವಿನ ಮಾತಾಗಿಬಿಡುತ್ತದೆ.

ಡೊಂಬಿವಲಿಯಲ್ಲಿ ನಮ್ಮ ನೆರೆಯ, ಕಲಬುರಗಿ ಕಡೆಯ ಗೌಂಡಿಯೊಬ್ಬರ ಸ್ಕ್ಯಾನ್ ಫಿಲ್ಮನ್ನು ಅವರ ಮಗ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ನಡುವೆ ದ್ರವ ತುಂಬಿದ ಕುಹರಗಳ ಕಪ್ಪು ಅಗಲವಾಗಿತ್ತು. ಮೇಲ್ಮೈಯ ಮಡಿಕೆಗಳ ಸಂದುಗಳೂ ಬಾಯಿ ಬಿಟ್ಟಿದ್ದವು. ನಾನು “ಸವೆದಿದೆ” ಎಂದಾಗ ಅವನ ತಾಯಿ ತಿದ್ದಿದರು: “ಸವದಿಲ್ರೀ ಅಣ್ಣಾರ, ಸೊರಗೇದ ಅನ್ರಿ. ಕುಡದಾರ, ಉಂಡಿಲ್ಲ.”

ಈ ತಿದ್ದುಪಡಿ ವೈದ್ಯಕೀಯವಾಗಿಯೂ ಸಣ್ಣದಲ್ಲ. ಕುಡುಕರು ಸರಿಯಾಗಿ ಉಣ್ಣದಿರುವುದು ಒಂದು ಕಡೆ, ಮದ್ಯ ಕರುಳಿನಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವದ ಹೀರಿಕೆಯನ್ನೇ ತಗ್ಗಿಸುವುದು ಇನ್ನೊಂದು ಕಡೆ. ಇದರ ಜೊತೆಗೆ ಮದ್ಯವು ನೇರವಾಗಿಯೂ ಮೆದುಳಿಗೆ ಹಾನಿ ಮಾಡುತ್ತದೆ. ನರತಂತುಗಳ ಬಿಳಿ ಭಾಗ, ವಿವೇಚನೆಗೆ ಬೇಕಾದ ಮುಂಭಾಗ, ನಡಿಗೆಯ ಹಿಡಿತಕ್ಕೆ ಬೇಕಾದ ಕಿರುಮೆದುಳು, ಇವು ಹೆಚ್ಚು ತಗ್ಗುತ್ತವೆ. ಕುಡಿತ ಬಿಟ್ಟವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಗಾತ್ರ ಸ್ವಲ್ಪ ಮಟ್ಟಿಗೆ ಮರಳುವುದುಂಟು. ಸವೆದ ಚಪ್ಪಲಿ ಮರಳಿ ಬೆಳೆಯುವುದಿಲ್ಲ. ಸೊರಗಿದ ಕೂಸು ಮೈ ತುಂಬಿಕೊಳ್ಳುತ್ತದೆ. ಆದ್ದರಿಂದ ಆ ತಾಯಿಯ ಪದವೇ ನನಗೆ ಹೆಚ್ಚು ಒಪ್ಪಿಗೆಯಾಗಿದೆ.

ಆದರೆ ಅದು ಎಲ್ಲ ಕಡೆಗೂ ಸಲ್ಲದು. ವೈದ್ಯರಾದ ವೆರ್ನಿಕೆ 1881ರಲ್ಲೂ ಕೊರ್ಸಕೋಫ್ 1887ರಲ್ಲೂ ವಿವರಿಸಿದ ಮೆದುಳಿನ ಸ್ಥಿತಿಗಳು ಥಯಮಿನ್ ಕೊರತೆಯಿಂದ ಬರುವಂಥವು. ಅವುಗಳಲ್ಲಿ ಮೆದುಳಿನ ಒಳಭಾಗದ ನರಕೋಶಗಳ ಕೆಲವು ಗುಂಪುಗಳು ಹಾಳಾಗುತ್ತವೆ, ಮರೆವು ಹಲವರಲ್ಲಿ ಪೂರ್ತಿ ಗುಣವಾಗುವುದಿಲ್ಲ. ಅಲ್ಲಿ ‘ಸೊರಗು’ ಇಲ್ಲದ ಭರವಸೆಯನ್ನು ಕೊಟ್ಟೀತು. ‘ನಶಿಸು’ ಎಂದೇ ಬರೆಯಬೇಕೆಂದುಕೊಂಡಿದ್ದೇನೆ.

ಕರಾವಳಿ, ಮೈಸೂರು ಕಡೆಯವರು ಮೈಯನ್ನಷ್ಟೇ ಅಲ್ಲದೆ ಒಳಗಿನ ಅಂಗವೊಂದನ್ನೂ ‘ಸೊರಗಿದೆ’ ಎನ್ನುತ್ತಾರೆಯೇ? ‘ಸೊರಗುವಿಕೆ’ ಎಂಬ ನಾಮರೂಪ ನನ್ನ ಕಿವಿಗೆ ಸ್ವಲ್ಪ ಕೃತಕವಾಗಿ ಕೇಳುತ್ತದೆ. ‘ಮೆದುಳಿನ ಸೊರಗು’ ಎಂದು ನಿಲ್ಲಿಸಬಹುದೇ, ತಿಳಿಸಿ.