ಪಿ.ಟಿ. ಪೀರಿಯಡ್ ಇರುವ ದಿನವೇ ಮಗಳಿಗೆ ಹೊಟ್ಟೆನೋವು, ಏನು ಮಾಡಲಿ?

ದಾವಣಗೆರೆಯ ಅಮ್ಮ:
ನನ್ನ ಮಗಳು 7ನೇ ಕ್ಲಾಸು. ಬುಧವಾರ, ಶನಿವಾರ ಪಿ.ಟಿ. ಪೀರಿಯಡ್ ಇರುತ್ತದೆ. ಎರಡು ತಿಂಗಳಿಂದ ಆ ಎರಡು ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು. "ಅಮ್ಮ, ಇವತ್ತು ಆಟಕ್ಕೆ ಬಿಡಬೇಡಿ ಅಂತ ಡೈರಿಯಲ್ಲಿ ಬರೆದುಕೊಡು" ಅನ್ನುತ್ತಾಳೆ. ಡಾಕ್ಟರಿಗೆ ತೋರಿಸಿದೆವು, ಏನೂ ತೊಂದರೆ ಇಲ್ಲ ಅಂದರು. ಕುಂಟೆಬಿಲ್ಲೆ, ಮರಕೋತಿ ಅಂತ ಕತ್ತಲಾದರೂ ಒಳಗೆ ಬರದಿದ್ದ ಹುಡುಗಿ ಇವಳು. ಈಗ ಸ್ಕೂಲು, ಟ್ಯೂಷನ್, ಆಮೇಲೆ ಮೊಬೈಲ್, ಅಷ್ಟೇ. ನಮ್ಮ ಅತ್ತೆ "ಹೆಣ್ಣುಮಗು, ಬಿಸಿಲಲ್ಲಿ ಯಾಕೆ ಓಡಬೇಕು, ಓದಿಕೊಳ್ಳಲಿ ಬಿಡು" ಅನ್ನುತ್ತಾರೆ. ಮನೆಯವರು ಶಟಲ್ ಕೋಚಿಂಗಿಗೆ ಸೇರಿಸೋಣ ಅನ್ನುತ್ತಾರೆ. ಬಲವಂತ ಮಾಡಬೇಕಾ, ಸುಮ್ನೆ ಬಿಟ್ಟುಬಿಡಬೇಕಾ?

ಹಳ್ಳಿ ಶಾಲೆಯ ಪಿ.ಟಿ. ಮೇಷ್ಟ್ರು:
ಅಕ್ಕ, ಡೈರಿಯಲ್ಲಿ ಬರೆದುಕೊಡುವ ಮೊದಲು ಆ ಪೀರಿಯಡ್‌ನಲ್ಲಿ ಏನು ನಡೆಯುತ್ತದೆ ಅಂತ ಮಗಳನ್ನು ವಿಚಾರಿಸಿ. ಇರುವುದು 40 ನಿಮಿಷ. ಸಾಲು ನಿಲ್ಲಿಸಿ, ಗ್ರೌಂಡಿಗೆ ಕರೆದುಕೊಂಡು ಬರುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. 45 ಮಕ್ಕಳ ಮಧ್ಯೆ ಒಂದು ಬ್ಯಾಟು, ಒಂದು ಬಾಲು ಬಿಟ್ಟರೆ ಜೋರಾಗಿರುವ ಏಳೆಂಟು ಹುಡುಗರು ಆಡುತ್ತಾರೆ, ಉಳಿದವರು ಮರದ ಕೆಳಗೆ ನಿಂತು ಬೆಲ್ ಯಾವಾಗ ಹೊಡೆಯುತ್ತದೆ ಅಂತ ಕಾಯುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೇ ಆಡಿಸುತ್ತಿದ್ದೆ, ಆ ಮರದ ಕೆಳಗಿನ ಮಕ್ಕಳನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಇನ್ನು ಪರೀಕ್ಷೆ ಹತ್ತಿರ ಬಂತು ಅಂದ್ರೆ ಗಣಿತದವರು ಬಂದು ನಮ್ಮ ಪೀರಿಯಡ್ ಕೇಳುತ್ತಾರೆ, ಅದು ಬೇರೆ ಮಾತು.

ಈಗ ನಾನು ಜಾಸ್ತಿ ಆಡಿಸುವುದು ಖೋ ಖೋ. ಎಂಟು ಜನ ಚೌಕದಲ್ಲಿ ಕೂತಿರುತ್ತಾರೆ, ಒಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಬೆನ್ನು ತಟ್ಟಿ ಖೋ ಅಂದ ತಕ್ಷಣ ಕೂತವರು ಎದ್ದು ಓಡಲೇಬೇಕು. ನಿಧಾನವಾಗಿ ಓಡುವ ಮಗು ನಾಲ್ಕು ಹೆಜ್ಜೆ ಓಡಿ ಮುಂದಿನವರಿಗೆ ಖೋ ಕೊಟ್ಟರೂ ಸಾಕು, ಅದು ಆಟದ ಒಳಗೇ ಇರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರಲ್ಲ, ಆ ಫೈನಲ್ ಅನ್ನು ಮೊಬೈಲಿನಲ್ಲಿ ತೋರಿಸಿದ ಮಾರನೇ ದಿನ ಕಂಬ ನೆಡಲು ಮೊದಲು ಓಡಿ ಬಂದವರು ಹೆಣ್ಣುಮಕ್ಕಳೇ.

ಹೈಸ್ಕೂಲ್ ಟೀಚರ್, ಹಾಸನ:
ಬುಧವಾರ, ಶನಿವಾರ ಬಿಳಿ ಯೂನಿಫಾರ್ಮಾ? ಮಗಳು ದೊಡ್ಡವಳಾಗಿದ್ದಾಳಾ? ನೇರವಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮಲ್ಲಿ ಎಷ್ಟೋ ಹುಡುಗಿಯರು ಆಟ ಬಿಡುವುದು ಆಟ ಇಷ್ಟ ಇಲ್ಲ ಅಂತಲ್ಲ, ಬಿಳಿ ಬಟ್ಟೆಗೆ ಕಲೆ ಆದರೆ ಅನ್ನುವ ಭಯಕ್ಕೆ. ಮುಟ್ಟಿನ ದಿನ ಇಲ್ಲದಿದ್ದರೂ ಆ ಭಯ ಹೋಗುವುದಿಲ್ಲ. ಎಲ್ಲರ ಮುಂದೆ ಕೇಳಬೇಡಿ, ಒಬ್ಬಳೇ ಇದ್ದಾಗ ಕೇಳಿ.

ಬೆಂಗಳೂರಿನ ಅಪ್ಪ:
ಕೋಚಿಂಗ್ ವಿಷಯದಲ್ಲಿ ಅವಸರ ಬೇಡ ಅಂತ ನಿಮ್ಮ ಮನೆಯವರಿಗೆ ಹೇಳಿ. ನಮ್ಮ ಮಗನನ್ನು 9ನೇ ವಯಸ್ಸಿಗೆ ಬ್ಯಾಡ್ಮಿಂಟನ್‌ಗೆ ಹಾಕಿದೆ. ಬೆಳಿಗ್ಗೆ ಐದೂವರೆಗೆ ಎಬ್ಬಿಸುವುದು, ಬಂದ ತಕ್ಷಣ "ಗೆದ್ದೆಯಾ?" ಅಂತ ಕೇಳುವುದು. ಒಂದೂವರೆ ವರ್ಷಕ್ಕೆ ರಾಕೆಟ್ ಮುಟ್ಟುವುದನ್ನೇ ಬಿಟ್ಟ. ತಪ್ಪು ನನ್ನದೇ, ಆಡಿ ಖುಷಿಯಾಯ್ತಾ ಅಂತ ಒಂದು ದಿನವೂ ಕೇಳಲಿಲ್ಲ. ಈಗ ಅಪಾರ್ಟ್‌ಮೆಂಟ್ ಮಕ್ಕಳ ಜೊತೆ ಸೈಕಲ್ ಹೊಡೆಯುತ್ತಾನೆ, ನಾನು ಏನೂ ಕೇಳುವುದಿಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂತೆ ಚಟುವಟಿಕೆಯಿಂದ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಕೋಚಿಂಗೇ ಆಗಬೇಕಿಲ್ಲ, ಸ್ಕಿಪ್ಪಿಂಗ್ ಆದರೂ ಆಯಿತು.

ಬಿಸಿಲಿನ ಮಾತಿಗೆ ನಿಮ್ಮ ಅತ್ತೆಯವರಿಗೆ ಒಂದು ವಿಷಯ ಹೇಳಿ. ಮನೆಯೊಳಗೇ ಇರುವ ಮಕ್ಕಳಿಗೆ ದೂರದ್ದು ಮಂಜಾಗಿ ಕಾಣುವ ತೊಂದರೆ ಜಾಸ್ತಿ. ತೈವಾನ್‌ನಲ್ಲಿ 2010ರಿಂದ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡಿ ಅಂತ ಶಾಲೆಗಳಿಗೇ ಹೇಳುತ್ತಿದ್ದಾರೆ, ಕಣ್ಣಿನ ಸಲುವಾಗಿ. ಬೆಳಿಗ್ಗೆ, ಸಂಜೆ ಬೆಳಕು ಸಾಕು, ಮಟಮಟ ಮಧ್ಯಾಹ್ನ ಬೇಡ.

ದಾವಣಗೆರೆಯ ಅಮ್ಮ:
ಹಾಸನದ ಮೇಡಂ, ನೀವು ಹೇಳಿದ್ದೇ ನಿಜ. ರಾತ್ರಿ ತಲೆಗೆ ಎಣ್ಣೆ ಹಚ್ಚುವಾಗ ಮೆಲ್ಲಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅತ್ತುಬಿಟ್ಟಳು. ಕಲೆಯ ಭಯ ಒಂದು. ಇನ್ನೊಂದು, ಇಬ್ಬರು ಲೀಡರ್‌ಗಳು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವಾಗ ಯಾವಾಗಲೂ ಇವಳೇ ಕೊನೆಗೆ ಉಳಿಯುವುದಂತೆ. ಎರಡು ತಿಂಗಳು ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳಲ್ಲ ಅಂತ ಹೊಟ್ಟೆ ಉರಿಯಿತು. ಒಳಗೆ ಹಾಕಿಕೊಳ್ಳಲು ಕಪ್ಪು ಚಡ್ಡಿ ತಂದಿದ್ದೇನೆ. ಸೋಮವಾರ ಅವಳ ಪಿ.ಟಿ. ಸರ್ ಹತ್ತಿರ ಮಾತಾಡುತ್ತೇನೆ. ಮೇಷ್ಟ್ರೇ, ಅವರಿಗೆ ಏನಂತ ಹೇಳಲಿ? ಮುಟ್ಟಿನ ದಿನ ಆಡಿಸಬಹುದಾ ಅಂತಲೂ ಅತ್ತೆ ಕೇಳುತ್ತಿದ್ದಾರೆ.

ಹಳ್ಳಿ ಶಾಲೆಯ ಪಿ.ಟಿ. ಮೇಷ್ಟ್ರು:
ಲೀಡರ್ ಕೈಯಲ್ಲಿ ಆರಿಸುವುದು ಬೇಡ, ಸಾಲಿನಲ್ಲಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಅಂತ ಎಣಿಸಿ ತಂಡ ಮಾಡಿ ಅಂತ ಕೇಳಿಕೊಳ್ಳಿ. ಎರಡೇ ನಿಮಿಷದ ಕೆಲಸ, ಯಾವ ಸರ್ ಕೂಡ ಬೇಡ ಅನ್ನುವುದಿಲ್ಲ.

ಹೈಸ್ಕೂಲ್ ಟೀಚರ್, ಹಾಸನ:
ಆಡಬಹುದು, ಏನೂ ಆಗುವುದಿಲ್ಲ. ನೋವು ಜಾಸ್ತಿ ಇದ್ದ ದಿನ ಮಾತ್ರ ಕೂರಲಿ. ಅವತ್ತು ಡೈರಿಯಲ್ಲಿ ಧಾರಾಳವಾಗಿ ಬರೆದುಕೊಡಿ.