ಕೆಂಪು ಮೀನು 12 ದಿನದಿಂದ ಏನೂ ತಿಂತಿಲ್ಲ, ಅರ್ಜೆಂಟ್

ಮಡಿಕೇರಿ_ಮಂಜು: ಉಪ್ಪುನೀರಿನ ಟ್ಯಾಂಕು. ಹೊಸ ಕೆಂಪು ಮೀನು ತಂದು 12 ದಿನ ಆಯ್ತು, ಒಂದು ಕಾಳೂ ಮುಟ್ಟಿಲ್ಲ. ಪೆಲೆಟ್ ಹಾಕಿದ್ರೆ ಕ್ಲೌನು ಡ್ಯಾಮ್ಸೆಲ್ಲು ಮೀನೆಲ್ಲ ಮುಗಿಬಿದ್ದು ತಿಂತಾವೆ, ಇದು ಮಾತ್ರ ಕಲ್ಲಿನ ಸಂದಿ ಬಿಟ್ಟು ಬರಲ್ಲ, ಹೊಟ್ಟೆ ಒಳಗೆ ಹೋಗಿದೆ. ಎರಡು ಸಲ ನೀರು ಬದಲಾಯಿಸಿದೆ. ಸಾಯೋದನ್ನ ನೋಡ್ತಾ ಕೂರೋಕೆ ಆಗ್ತಿಲ್ಲ.

ಕುಶಾಲನಗರ_ಟ್ಯಾಂಕ್: ಹೀಟರ್ ನೋಡಿ. ಈ ಮಳೇಲಿ ನಿಮ್ಮೂರ ಚಳಿಗೆ ನೀರು ತಣ್ಣಗಾಗಿರುತ್ತೆ, ರೀಫ್ ಅಂದ್ರೆ ಹವಳದ ದಿಬ್ಬದ ಮೀನಿಗೆ 25 ಡಿಗ್ರಿ ಬೇಕೇ ಬೇಕು.

ಮಡಿಕೇರಿ_ಮಂಜು: 25 ಇದೆ ಸರ್.

ಕುಶಾಲನಗರ_ಟ್ಯಾಂಕ್: ಹೀಟರ್ ಮೇಲಿನ ನಂಬರ್ ನಂಬ್ಬೇಡಿ, ಬೇರೆ ಥರ್ಮಾಮೀಟರ್ ಇಡಿ. ರಾತ್ರಿ ಕರೆಂಟ್ ಹೋದಾಗ ಎಷ್ಟಾಗುತ್ತೆ? ನಂಗೆ ಅದೇ ಡೌಟು.

ಪೊನ್ನಂಪೇಟೆ_ರೀಫ್: ಉಪ್ಪು ಎಷ್ಟಿದೆ? ಅಳೆಯೋದು ಮುಳ್ಳಿನ ಮೀಟರಲ್ಲಿ ಆದ್ರೆ ಅದನ್ನ ಬಿಸಾಡಿ, ಮುಳ್ಳಿಗೆ ಗುಳ್ಳೆ ಅಂಟಿದ್ರೆ ಜಾಸ್ತಿ ತೋರಿಸುತ್ತೆ.

ಕುಶಾಲನಗರ_ಟ್ಯಾಂಕ್: ನಾನು ಆರು ವರ್ಷದಿಂದ ಅದನ್ನೇ ಬಳಸ್ತಿರೋದು, ಒಂದು ಮೀನೂ ಸತ್ತಿಲ್ಲ.

ಪೊನ್ನಂಪೇಟೆ_ರೀಫ್: ನಂದು ನಾಲ್ಕಡಿ ಟ್ಯಾಂಕು, ಕೆಳಗೆ ನೀರು ಸೋಸೋ ಸಂಪು, ಕೊಳೆನ ನೊರೆ ಮಾಡಿ ತೆಗೆಯೋ ದೊಡ್ಡ ಸ್ಕಿಮ್ಮರ್, ಬೆಳಕಲ್ಲಿ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ಇಲ್ದೆ ಹವಳ ಇಡೋ ಧೈರ್ಯ ನಂಗಿಲ್ಲ.

ವಿರಾಜಪೇಟೆ_ಅಲೆ: ಮೀಟರ್ ಜಗಳ ಆಮೇಲೆ ಆಡಿ. ಉಳಿದವು ಚೆನ್ನಾಗಿ ತಿಂತಾವಲ್ಲ, ನೀರಿನ ದೋಷ ಇರಲಿಕ್ಕಿಲ್ಲ. ಮಂಜು ಅವ್ರೇ, ಆ ಮೀನಿನ ಕಣ್ಣು ಹೇಗಿದೆ? ಊಟ ಯಾವ ಹೊತ್ತಿಗೆ ಹಾಕ್ತೀರಿ?

ಮಡಿಕೇರಿ_ಮಂಜು: ತಲೆ ತುಂಬ ಕಣ್ಣೇ. ಬೆಳಗ್ಗೆ ತೋಟಕ್ಕೆ ಹೋಗೋ ಮುಂಚೆ, ಆಮೇಲೆ ಮಧ್ಯಾಹ್ನ. ಎಲ್ಲರೂ ಹಾಗೇ ಅಲ್ವಾ ಹಾಕೋದು?

ವಿರಾಜಪೇಟೆ_ಅಲೆ: ಅದು ಸೋಲ್ಜರ್ ಫಿಶ್ ಇರಬೇಕು, ರಾತ್ರಿ ಮೇಯೋ ಮೀನು. ಸಮುದ್ರದಲ್ಲೂ ಹಗಲೆಲ್ಲ ಗುಹೇಲಿ ಇರುತ್ತೆ, ಸಂಜೆ ಡ್ಯಾಮ್ಸೆಲ್ ಥರದವು ಸಂದಿ ಸೇರ್ಕೊಂಡ್ಮೇಲೆ ಇದು ಹೊರಗೆ ಬಂದು ನೀರಲ್ಲಿ ತೇಲೋ ಏಡಿಮರಿ ಸಿಗಡಿಮರಿ ಹಿಡಿಯುತ್ತೆ, ಅಷ್ಟು ದೊಡ್ಡ ಕಣ್ಣು ಇರೋದೇ ಅದಕ್ಕೆ. ನೀವು ಅದು ಮಲಗೋ ಹೊತ್ತಲ್ಲಿ ಪೆಲೆಟ್ ಹಾಕ್ತಿದೀರಿ. ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು ಮೈಸಿಸ್ (ಫ್ರೀಜ್ ಮಾಡಿದ ಪುಟ್ಟ ಸಿಗಡಿ ಥರದ್ದು) ಹಾಕಿ, ಇಲ್ಲ ಅಂದ್ರೆ ಹಸಿ ಸಿಗಡಿನ ಅಕ್ಕಿಕಾಳಷ್ಟು ಹೆಚ್ಚಿ ಡ್ರಾಪರಲ್ಲಿ ಸಂದಿ ಹತ್ರ ಬಿಡಿ. ಬಿಳಿ ಟಾರ್ಚ್ ಬೇಡ.

ಮಡಿಕೇರಿ_ಮಂಜು: ನಿನ್ನೆ ರಾತ್ರಿ ಟಾರ್ಚಿಗೆ ಕೆಂಪು ಪೇಪರ್ ಸುತ್ತಿ ಉಸಿರು ಹಿಡ್ಕೊಂಡು ಕೂತಿದ್ದೆ. ಮೊದ್ಲು ಮೂತಿ ಮಾತ್ರ ಹೊರಗೆ ಬಂತು, ರೆಕ್ಕೆ ನಡುಗಿಸ್ತಾ ಅಲ್ಲೇ ನಿಂತಿತ್ತು, ತುಂಡು ಎದುರಿಗೆ ತೇಲಿ ಬಂದಿದ್ದೇ ಗಬಕ್ ಅಂತ ಎಳ್ಕೊಳ್ತು. ಮೂರು ತುಂಡು ತಿಂತು!! ತುಂಬಾ ಥ್ಯಾಂಕ್ಸ್ ಅಣ್ಣ. ಮೈಸಿಸ್ ಮೈಸೂರಿಂದ ಬಸ್ಸಲ್ಲಿ ತಂದ್ರೆ ದಾರೀಲಿ ಕರಗಲ್ವಾ, ಹೇಗೆ ತರ್ತೀರಿ?

ಪೊನ್ನಂಪೇಟೆ_ರೀಫ್: ನನ್ನ ಸಂಪಿನ ಫೋಟೋ ಸಂಜೆ ಹಾಕ್ತೀನಿ, ನೋಡಿ.