ರೇಡಿಯಸ್ ಆರ್ಮ್ ಬುಷ್‌ಗಳು ಬೇಗ ಹರಿಯುತ್ತಿವೆ: ರಬ್ಬರ್, ಪಾಲಿ ಅಥವಾ ಹೀಮ್ ಜಾಯಿಂಟ್?

ಪ್ರಶ್ನೆ:

ನನ್ನ ವಾಹನಕ್ಕೆ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಇದೆ. ಮುಂದಿನ ಆಕ್ಸಲನ್ನು ಎರಡು ರೇಡಿಯಸ್ ಆರ್ಮ್‌ಗಳು (ಆಕ್ಸಲನ್ನು ಚಾಸಿಗೆ ಉದ್ದಕ್ಕೆ ಜೋಡಿಸುವ ತೋಳುಗಳು) ಮತ್ತು ಒಂದು ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ತಡೆಯುವ ಅಡ್ಡ ಸರಳು) ಹಿಡಿದಿವೆ. ಹಿಂದಿನದು ನಾಲ್ಕು ಲಿಂಕ್‌ಗಳ ವ್ಯವಸ್ಥೆ. 50 ಮಿ.ಮೀ. ಎತ್ತರಿಸುವ ಸ್ಪ್ರಿಂಗ್‌ಗಳನ್ನು ಹಾಕಿಸಿದಾಗಲೇ ಆರ್ಮ್‌ಗಳ ಬುಷ್‌ಗಳನ್ನೂ (ಬೋಲ್ಟ್ ಹಾಯುವ ಕೀಲುಗಳಲ್ಲಿ ಕೂರುವ ರಬ್ಬರಿನ ಸುತ್ತುಗಳನ್ನೂ) ಹೊಸದಾಗಿ ಹಾಕಿಸಿದ್ದೆ. ಕೆಲವೇ ತಿಂಗಳಲ್ಲಿ ಆಕ್ಸಲ್ ಕಡೆಯ ಬುಷ್‌ಗಳಲ್ಲಿ ಒಳಗಿನ ಸ್ಲೀವಿನ ಸುತ್ತ ರಬ್ಬರ್ ಹರಿದಿದೆ. ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಇನ್ನೊಮ್ಮೆ ‘ಟಕ್’ ಎಂಬ ಸದ್ದು ಕೇಳಿಸುತ್ತದೆ. ವೇಗ ಹೆಚ್ಚಿದಂತೆ ವಾಹನ ಅತ್ತಿತ್ತ ಎಳೆಯುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳುವುದೂ ಕಡಿಮೆಯಾಗಿದೆ. ಎಲ್ಲವನ್ನೂ ಪಾಲಿಯುರೆಥೇನ್‌ಗೆ ಬದಲಾಯಿಸಬೇಕೆಂದು ಕೆಲವರೂ, ಹೀಮ್ ಜಾಯಿಂಟ್ (ಲೋಹದ ಗೋಳದ ಕೀಲು) ಹಾಕಿದರೆ ತಲೆನೋವೇ ಇರುವುದಿಲ್ಲವೆಂದು ಇನ್ನು ಕೆಲವರೂ ಹೇಳುತ್ತಾರೆ. ವಾಹನ ಹೆಚ್ಚಾಗಿ ಡಾಂಬರು ರಸ್ತೆಯಲ್ಲಿ, ಬಿಡುವಿದ್ದಾಗ ಕಲ್ಲು ಮತ್ತು ಕೆಸರಿನ ದಾರಿಗಳಲ್ಲಿ ಓಡುತ್ತದೆ. ಯಾವುದನ್ನು ಆರಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ:

ಯಾವುದನ್ನೂ ಕೊಳ್ಳುವ ಮೊದಲು ಹಳೆಯ ಬುಷ್ ಏಕೆ ಹರಿಯಿತು ಎಂಬುದನ್ನು ನೋಡಿಕೊಳ್ಳಿ. ಕಾರಣ ತಿಳಿಯದೆ ಅದಕ್ಕಿಂತ ಗಟ್ಟಿಯಾದುದನ್ನು ಕೂರಿಸಿದರೆ ಹರಿಯುವ ಸರದಿ ಬ್ರ್ಯಾಕೆಟ್ಟಿನ ವೆಲ್ಡಿಂಗಿಗೆ ಬರುತ್ತದೆ.

ಕಂಪನಿಯಿಂದ ಬರುವ ಬಹುತೇಕ ಬುಷ್‌ಗಳಲ್ಲಿ ರಬ್ಬರು ಒಳಗಿನ ಸ್ಲೀವಿಗೂ ಹೊರಗಿನ ಕವಚಕ್ಕೂ ಬಿಡದಂತೆ ಅಂಟಿರುತ್ತದೆ. ಬೋಲ್ಟ್ ಬಿಗಿಯಾದೊಡನೆ ಒಳಗಿನ ಸ್ಲೀವು ಬ್ರ್ಯಾಕೆಟ್ಟಿನ ಎರಡು ತಟ್ಟೆಗಳ ನಡುವೆ ಸಿಕ್ಕಿಕೊಂಡು ಅಲುಗದೆ ನಿಲ್ಲುತ್ತದೆ. ಆಮೇಲೆ ಅಲ್ಲಿ ಜಾರುವ ಭಾಗವೇ ಇರುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಹೀಗಾಗಿ ಬೋಲ್ಟ್ ಬಿಗಿಯುವಾಗ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ಆ ಬುಷ್ಷಿನ ಸೊನ್ನೆ ಸ್ಥಾನವಾಗುತ್ತದೆ. ಚಕ್ರಗಳು ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದಿದ್ದರೆ, ವಾಹನ ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಮತ್ತು ಪ್ರತಿಯೊಂದು ಗುಂಡಿಯೂ ಅದನ್ನು ಇನ್ನಷ್ಟು ತಿರುಚುತ್ತದೆ. ಒಳಗಿನ ಸ್ಲೀವಿನ ಸುತ್ತ ಹರಿಯುವುದು ಸಾಮಾನ್ಯವಾಗಿ ಇದರ ಒಂದು ಗುರುತು. ನಿಮ್ಮ ಬೋಲ್ಟ್‌ಗಳನ್ನು ಹೇಗೆ ಬಿಗಿದರೆಂದು ದಯವಿಟ್ಟು ವಿಚಾರಿಸಿ ತಿಳಿಸಿ.

ಸ್ಟೀರಿಂಗ್ ಮರಳದಿರುವುದಕ್ಕೆ ಬುಷ್ ಒಂದೇ ಕಾರಣವಲ್ಲ. ರೇಡಿಯಸ್ ಆರ್ಮ್ ಆಕ್ಸಲ್‌ಗೆ ಎರಡು ಕಡೆ ಬೋಲ್ಟ್ ಆಗಿರುವುದರಿಂದ ಆರ್ಮ್ ಎಷ್ಟು ವಾಲಿದರೆ ಆಕ್ಸಲೂ ಅಷ್ಟೇ ತಿರುಗುತ್ತದೆ. ಆರ್ಮ್‌ನ ಉದ್ದ 900 ಮಿ.ಮೀ. ಎಂದು ಹಿಡಿದರೆ, 50 ಮಿ.ಮೀ. ಎತ್ತರಿಸಿದಾಗ ಕ್ಯಾಸ್ಟರ್ ಕೋನದಲ್ಲಿ (ಮುಂಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಸ್ಟೀರಿಂಗ್ ತಾನಾಗಿ ಮರಳುವುದು ಇದರಿಂದಲೇ) 3 ಡಿಗ್ರಿಗಿಂತ ತುಸು ಹೆಚ್ಚೇ ಕಳೆದುಹೋಗುತ್ತದೆ. ಇದನ್ನು ಸರಿಪಡಿಸಲು ರಂಧ್ರವನ್ನು ನಡುವಿನಿಂದ ಪಕ್ಕಕ್ಕೆ ಸರಿಸಿರುವ ಕ್ಯಾಸ್ಟರ್ ಬುಷ್‌ಗಳು, ಬಾಗಿಸಿ ಮಾಡಿದ ಆರ್ಮ್‌ಗಳು ಅಥವಾ ಚಾಸಿ ಕಡೆಯ ತುದಿಯನ್ನು ಕೆಳಗಿಳಿಸುವ ಬ್ರ್ಯಾಕೆಟ್‌ಗಳು ಸಿಗುತ್ತವೆ. ಕ್ಯಾಸ್ಟರ್ ಬುಷ್ ಸುಲಭದ ದಾರಿಯಾದರೂ ಅದರ ಒಂದು ಬದಿಯ ಪದರ ತೆಳುವಾಗುವುದರಿಂದ ಆ ದಿಕ್ಕಿನಲ್ಲಿ ಅದು ಬಳುಕುವುದು ಕಡಿಮೆ. ನನ್ನನ್ನು ಕೇಳಿದರೆ ಕೆಳಗಿಳಿಸುವ ಬ್ರ್ಯಾಕೆಟ್ಟೇ ಮೇಲು, ಅದು ಕಲ್ಲಿಗೆ ತಗಲುವ ಸಾಧ್ಯತೆ ಹೆಚ್ಚೆಂಬುದನ್ನು ಒಪ್ಪಿಕೊಳ್ಳುವುದಾದರೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಒಂದು ಕೀಲು ಬೋಲ್ಟಿನ ಸುತ್ತ ತಿರುಗಬೇಕೇ, ಬೋಲ್ಟಿನ ನೇರಕ್ಕೆ ಓರೆಯಾಗಿ ವಾಲಬೇಕೇ, ಇಲ್ಲವೇ ಒತ್ತಿದಾಗ ತುಸು ಅಮುಕಿಕೊಳ್ಳಬೇಕೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ರಬ್ಬರು ಈ ಮೂರನ್ನೂ ಸ್ವಲ್ಪ ಸ್ವಲ್ಪ ಮಾಡಿಕೊಡುತ್ತದೆ. ಪಾಲಿ ಬುಷ್ ಸಾಮಾನ್ಯವಾಗಿ ಸ್ಲೀವಿನ ಮೇಲೆ ಜಾರುವುದರಿಂದ ಚೆನ್ನಾಗಿ ತಿರುಗುತ್ತದೆ, ಆದರೆ ವಾಲುವುದಕ್ಕೂ ಅಮುಕುವುದಕ್ಕೂ ಅಷ್ಟಾಗಿ ಒಗ್ಗುವುದಿಲ್ಲ. ಹೀಮ್ ಜಾಯಿಂಟಿನಂಥ ಗೋಳದ ಕೀಲು ಧಾರಾಳವಾಗಿ ತಿರುಗುತ್ತದೆ, ವಾಲುತ್ತದೆ, ಆದರೆ ಕೂದಲೆಳೆಯಷ್ಟೂ ಅಮುಕುವುದಿಲ್ಲ.

ಒಂದು ಮುಂಚಕ್ರ ಬಂಡೆಯ ಮೇಲೇರಿ ಇನ್ನೊಂದು ಹಳ್ಳಕ್ಕಿಳಿದಾಗ ಎಡದ ಆರ್ಮ್ ಒಂದು ಕೋನಕ್ಕೂ ಬಲದ ಆರ್ಮ್ ಇನ್ನೊಂದು ಕೋನಕ್ಕೂ ಹೋಗಬೇಕಾಗುತ್ತದೆ. ಎರಡೂ ಒಂದೇ ಆಕ್ಸಲ್‌ಗೆ ಎರಡೆರಡು ಬೋಲ್ಟ್‌ಗಳಿಂದ ಬಿಗಿದುಕೊಂಡಿರುವುದರಿಂದ, ಆಕ್ಸಲ್ ಕೊಳವೆಯೇ ತಿರುಚಿಕೊಳ್ಳದ ಹೊರತು ಇದು ಆಗುವಂತಿಲ್ಲ. ಕೊಳವೆ ತಿರುಚಿಕೊಳ್ಳುವುದಿಲ್ಲ, ಆ ಅಂತರವನ್ನು ನುಂಗಿಕೊಳ್ಳುವುದು ಆ ನಾಲ್ಕು ಬುಷ್‌ಗಳ ರಬ್ಬರು. ಅಂದರೆ ನಿಮ್ಮ ಮುಂದಿನ ಸಸ್ಪೆನ್ಷನ್ ಎಷ್ಟು ಬಳುಕುತ್ತದೆ ಎಂಬುದು ಬಹುಮಟ್ಟಿಗೆ ಆ ರಬ್ಬರು ಎಷ್ಟು ಅಮುಕುತ್ತದೆ ಎಂಬುದರ ಮೇಲೆಯೇ ನಿಂತಿದೆ. ಅಲ್ಲಿ ಗಟ್ಟಿ ಪಾಲಿ ಹಾಕಿದರೆ ಚಕ್ರ ಬೇಗನೆ ನೆಲ ಬಿಡುತ್ತದೆ, ಬ್ರ್ಯಾಕೆಟ್ಟಿನ ಮೇಲೆ ಹೊರೆ ಬೀಳುತ್ತದೆ. ಗೋಳದ ಕೀಲು ಹಾಕಿದರೂ ಉಪಯೋಗವಿಲ್ಲ, ಏಕೆಂದರೆ ಅಲ್ಲಿ ಬೇಕಾಗಿರುವುದು ವಾಲುವ ಗುಣವಲ್ಲ. ಆದ್ದರಿಂದ ಆ ನಾಲ್ಕು ಜಾಗಗಳಲ್ಲಿ ಒಳ್ಳೆಯ ಗುಣಮಟ್ಟದ ರಬ್ಬರನ್ನೇ ಉಳಿಸಿಕೊಳ್ಳಿ. ಪ್ಯಾನ್‌ಹಾರ್ಡ್ ರಾಡ್ ಮತ್ತು ತಿರುವಿನಲ್ಲಿ ವಾಹನ ವಾಲುವುದನ್ನು ತಗ್ಗಿಸುವ ಆಂಟಿ-ರೋಲ್ ಬಾರ್‌ಗೆ ಪಾಲಿ ಚೆನ್ನಾಗಿಯೇ ಹೊಂದುತ್ತದೆ. ಪ್ಯಾನ್‌ಹಾರ್ಡ್‌ನ ಸಡಿಲ ಹೋದರೆ ಸ್ಟೀರಿಂಗಿನ ಅನಿಶ್ಚಿತತೆಯೂ ತಗ್ಗುತ್ತದೆ.

ಪ್ರಶ್ನಿಸಿದವರು:

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ವಿಚಾರಿಸಿದೆ. ವಾಹನವನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರಗಳು ನೇತಾಡುತ್ತಿದ್ದಾಗಲೇ ಇಂಪ್ಯಾಕ್ಟ್ ಗನ್ನಿನಿಂದ ಎಲ್ಲ ಬೋಲ್ಟ್‌ಗಳನ್ನೂ ಪೂರ್ತಿ ಬಿಗಿದಿದ್ದರಂತೆ. ಹರಿದ ಬುಷ್‌ಗಳನ್ನು ತೆಗೆಯಲು ರಬ್ಬರನ್ನು ಸುಟ್ಟುಬಿಡುವುದು ಸುಲಭವೆನ್ನುತ್ತಾರೆ, ಅದು ಸರಿಯೇ? ಹಿಂದಿನ ಲಿಂಕ್‌ಗಳಿಗಾದರೂ ಗೋಳದ ಕೀಲು ಹಾಕಬಹುದೇ? ನನ್ನ ಕೆಳಗಿನ ಲಿಂಕ್‌ಗಳು ನಡುವೆ ಬಾಗಿದ ಬಗೆಯವು.

ಉತ್ತರ:

ಸುಡಬೇಡಿ. ಹೊಗೆ ವಿಷಕಾರಿ, ಪಾಲಿಯುರೆಥೇನ್ ಆದರಂತೂ ಇನ್ನೂ ಅಪಾಯ. ಜೊತೆಗೆ ಆರ್ಮ್ ಅನವಶ್ಯಕವಾಗಿ ಕಾಯುತ್ತದೆ. ಪ್ರೆಸ್ ಇದ್ದರೆ ಸರಿಯಾದ ಅಳತೆಯ ಕೊಳವೆಯನ್ನು ಆಸರೆಯಾಗಿಟ್ಟು ಒತ್ತಿ ತೆಗೆಯಿರಿ. ಇಲ್ಲವಾದರೆ ರಬ್ಬರನ್ನು ಡ್ರಿಲ್‌ನಿಂದ ಕೊರೆದು ಒಳಗಿನ ಸ್ಲೀವನ್ನು ಹೊರಗೆಳೆದು, ಹ್ಯಾಕ್ಸಾ ಬ್ಲೇಡನ್ನು ಒಳಗೆ ತೂರಿಸಿ ಹೊರಗಿನ ಕವಚವನ್ನು ಉದ್ದಕ್ಕೆ ಸೀಳಿರಿ. ಆರ್ಮ್‌ನ ಕಣ್ಣಿಗೆ (ಬುಷ್ ಕೂರುವ ರಂಧ್ರಕ್ಕೆ) ಗೀರು ಬೀಳುವ ಮೊದಲೇ ನಿಲ್ಲಿಸಿದರೆ ಕವಚ ಒಳಕ್ಕೆ ಕುಸಿದು ಸಡಿಲವಾಗುತ್ತದೆ. ತೆಗೆಯುವ ಮೊದಲು ರಬ್ಬರಿನಲ್ಲಿ ಅರ್ಧಚಂದ್ರಾಕಾರದ ಖಾಲಿ ಜಾಗಗಳಿವೆಯೇ ಎಂದು ನೋಡಿ, ಇದ್ದರೆ ಅವು ಯಾವ ದಿಕ್ಕಿಗಿದ್ದವೆಂದು ಆರ್ಮ್ ಮೇಲೆ ಗುರುತು ಹಾಕಿಕೊಳ್ಳಿ. ಅವು ಬುಷ್ ಯಾವ ದಿಕ್ಕಿನಲ್ಲಿ ಮೆತ್ತಗಿರಬೇಕು ಎಂಬುದನ್ನು ನಿರ್ಧರಿಸುತ್ತವೆ. ಹೊಸದನ್ನು ಕೂರಿಸುವಾಗ ಸೋಪಿನ ನೀರು ಸಾಕು. ಸಾಮಾನ್ಯ ಗ್ರೀಸ್ ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ ಮಾತ್ರ ಕೂರಿಸಿ. ವಾಹನವನ್ನು ನೆಲಕ್ಕಿಳಿಸಿ, ಬಂಪರ್ ಒತ್ತಿ ಒತ್ತಿ ಬಿಟ್ಟು, ಸಾಧ್ಯವಾದರೆ ತುಸು ಹಿಂದೆ ಮುಂದೆ ಉರುಳಿಸಿ, ಸ್ಪ್ರಿಂಗ್‌ಗಳು ತಮ್ಮ ಎತ್ತರಕ್ಕೆ ಕುಳಿತ ಮೇಲೆ ಟಾರ್ಕ್ ವ್ರೆಂಚಿನಿಂದ ಕೈಪಿಡಿಯಲ್ಲಿರುವ ಅಂಕಿಗೆ ಬಿಗಿಯಿರಿ. ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿನವರೆಗೆ ಬಣ್ಣದ ಗೆರೆ ಎಳೆದಿಟ್ಟರೆ ಮುಂದೆ ಸಡಿಲವಾದದ್ದು ಕಣ್ಣಿಗೆ ಬೀಳುತ್ತದೆ. ಬೋಲ್ಟ್ ಹೊರಗಿರುವಾಗಲೇ ಬ್ರ್ಯಾಕೆಟ್ಟಿನ ರಂಧ್ರಗಳನ್ನೂ ಪರೀಕ್ಷಿಸಿ. ಅವು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಅಥವಾ ಸ್ಲೀವಿನ ತುದಿ ಉಜ್ಜಿ ಹೊಳೆಯುತ್ತಿದ್ದರೆ, ಆ ‘ಟಕ್’ ಸದ್ದು ಹೊಸ ಬುಷ್ಷಿನಿಂದ ಹೋಗುವುದಿಲ್ಲ; ರಂಧ್ರದ ಮೇಲೆ ಅಳತೆಗೆ ಸರಿಯಾದ ದಪ್ಪ ವಾಷರನ್ನು ವೆಲ್ಡ್ ಮಾಡಿಸಬೇಕಾಗುತ್ತದೆ.

ಹಿಂದಿನ ಲಿಂಕ್‌ಗಳ ವಿಷಯ ಬೇರೆ. ಅಲ್ಲಿ ಪ್ರತಿ ಲಿಂಕಿಗೂ ತುದಿಗೊಂದೇ ಬೋಲ್ಟ್ ಇರುವುದರಿಂದ ವಾಲುವ ಗುಣ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಬಾಗಿದ ಲಿಂಕಿನ ಎರಡೂ ತುದಿಗೆ ಗೋಳದ ಕೀಲು ಹಾಕಿದರೆ ಅದನ್ನು ತನ್ನ ನೇರದಲ್ಲಿ ಹಿಡಿದಿಡುವುದು ಏನೂ ಇರುವುದಿಲ್ಲ. ಬಾಗು ಹೊರಳಿ ಟೈರಿಗೋ ಚಾಸಿಗೋ ಬಡಿಯುತ್ತದೆ. ಆದ್ದರಿಂದ ಆಕ್ಸಲ್ ತುದಿಗೆ ಗೋಳದ ಕೀಲು, ಚಾಸಿ ತುದಿಗೆ ರಬ್ಬರು ಎಂಬ ಜೋಡಿ ನಿಮಗೆ ಸರಿಹೋಗುತ್ತದೆ, ಮತ್ತು ರಸ್ತೆಯ ಸದ್ದು ಚಾಸಿಗೆ ಏರುವುದನ್ನೂ ರಬ್ಬರು ತಡೆಯುತ್ತದೆ.

ಇನ್ನೊಬ್ಬ ಸದಸ್ಯರು:

ಮೇಲಿನ ಉತ್ತರಗಳನ್ನು ಒಪ್ಪುತ್ತೇನೆ, ಆದರೆ ಪಾಲಿ ಎಂದರೆಲ್ಲ ಒಂದೇ ಎಂಬಂತೆ ಓದಿಕೊಳ್ಳಬಾರದು. ಗಟ್ಟಿತನವನ್ನು ಸೂಚಿಸುವ ಶೋರ್ ಎ ಅಳತೆಯಲ್ಲಿ 70ರ ಆಸುಪಾಸಿನ ಪಾಲಿಗೂ 95ರ ಪಾಲಿಗೂ ತುಂಬಾ ಅಂತರವಿದೆ, ಮೊದಲನೆಯದು ಗಟ್ಟಿ ರಬ್ಬರಿಗೆ ಹತ್ತಿರದ್ದು. ಕೊಳ್ಳುವಾಗ ಬಣ್ಣ ನೋಡಿ ಆರಿಸದೆ ಆ ಅಂಕಿಯನ್ನು ಕೇಳಿ ಪಡೆಯಿರಿ. ಕೀರಲು ಸದ್ದು ಬರುವುದು ಸ್ಲೀವಿನ ಮೇಲಿನ ಗ್ರೀಸ್ ತೊಳೆದುಹೋದಾಗ. ಕೆಸರಿನಲ್ಲಿ ಓಡುವ ವಾಹನಕ್ಕೆ ಗ್ರೀಸ್ ತುಂಬುವ ನಿಪ್ಪಲ್ ಇರುವ ಬಗೆಯನ್ನೇ ಆರಿಸಿ, ನೀರಿಗೆ ಕರಗದ ಸಿಲಿಕೋನ್ ಗ್ರೀಸ್ ತುಂಬಿ.

ಗೋಳದ ಕೀಲಿನಲ್ಲೂ ಎರಡು ಬಗೆಗಳಿವೆ. ಬರಿಯ ಹೀಮ್ ಜಾಯಿಂಟಿನ ಉಕ್ಕಿನ ಗೋಳಕ್ಕೆ ಮರಳೇ ಶತ್ರು, ಸವೆದ ಮೇಲೆ ಇಡೀ ಕೀಲನ್ನೇ ಬದಲಾಯಿಸಬೇಕು. ಜಾನಿ ಜಾಯಿಂಟ್ ಎಂದು ಕರೆಯುವ ಬಗೆಯಲ್ಲಿ ಗೋಳವು ಪ್ಲಾಸ್ಟಿಕ್ಕಿನ ಎರಡು ಬಟ್ಟಲುಗಳ ನಡುವೆ ಕುಳಿತಿರುತ್ತದೆ. ಗ್ರೀಸ್ ತುಂಬಬಹುದು, ಬಿಚ್ಚಿ ಬಟ್ಟಲುಗಳನ್ನಷ್ಟೇ ಬದಲಾಯಿಸಬಹುದು. ಡಾಂಬರಿನ ಮೇಲೆ ಹೆಚ್ಚು ಓಡುವ ಈ ವಾಹನಕ್ಕೆ ನಾನಾದರೆ ಎರಡನೆಯದನ್ನೇ ಹಾಕುತ್ತೇನೆ. ಮುಂದಿನ ಆರ್ಮ್‌ನ ಒಂದು ಬೋಲ್ಟ್ ತೆಗೆದರೆ ಚೆನ್ನಾಗಿ ಬಳುಕುತ್ತದೆ ಎಂಬ ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು. ಬಳುಕುವುದು ನಿಜ, ಆದರೆ ಬ್ರೇಕಿನ ಹೊಡೆತವನ್ನೆಲ್ಲ ಆಗ ಇನ್ನೊಂದು ಆರ್ಮ್ ಒಂದೇ ಹೊರಬೇಕಾಗುವುದರಿಂದ, ಅದಕ್ಕೆಂದೇ ಬಲಪಡಿಸಿದ ಆರ್ಮ್ ಇಲ್ಲದೆ ರಸ್ತೆಯಲ್ಲಿ ಹಾಗೆ ಓಡಿಸಬೇಡಿ.

ಪ್ರಶ್ನಿಸಿದವರು:

ಮುಂದೆ ಆರ್ಮ್‌ಗಳಿಗೆ ರಬ್ಬರು, ಪ್ಯಾನ್‌ಹಾರ್ಡ್‌ಗೆ ಪಾಲಿ, ಚಾಸಿ ಕಡೆಗೆ ಕೆಳಗಿಳಿಸುವ ಬ್ರ್ಯಾಕೆಟ್ ಎಂದು ತೀರ್ಮಾನಿಸಿದ್ದೇನೆ. ಬ್ರ್ಯಾಕೆಟ್ ಹಾಕುವ ಮೊದಲೇ ವೀಲ್ ಅಲೈನ್‌ಮೆಂಟ್ ಮಾಡಿಸಬೇಕೇ?

ಉತ್ತರ:

ಕ್ಯಾಸ್ಟರ್ ಕೋನವನ್ನು ಈಗೊಮ್ಮೆ ಅಳೆಸಿ ಬರೆದಿಟ್ಟುಕೊಳ್ಳಿ, ಎಷ್ಟು ಮರಳಿ ಬಂದಿತೆಂದು ಆಮೇಲೆ ತಿಳಿಯುತ್ತದೆ. ಹೊಂದಾಣಿಕೆಯನ್ನು ಮಾತ್ರ ಎಲ್ಲ ಕೆಲಸ ಮುಗಿದು, ಬೋಲ್ಟ್‌ಗಳು ನೆಲದ ಮೇಲೆ ಬಿಗಿಯಾದ ನಂತರವೇ ಮಾಡಿಸಿ. ಪ್ಯಾನ್‌ಹಾರ್ಡ್ ರಾಡ್ ಉದ್ದ ಹೊಂದಿಸಬಹುದಾದದ್ದಾಗಿದ್ದರೆ ಮೊದಲು ಆಕ್ಸಲನ್ನು ಚಾಸಿಯ ನಡುವಿಗೆ ತಂದು, ಬಳಿಕ ಟೋ (ಮೇಲಿನಿಂದ ನೋಡಿದಾಗ ಮುಂಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ನೋಡಿ, ಕಡೆಯಲ್ಲಿ ಸ್ಟೀರಿಂಗ್ ಚಕ್ರವನ್ನು ನೇರ ಮಾಡಿಸಿಕೊಳ್ಳಿ.